ಒಂದೇ ತಾಯಿಯ ಮಕ್ಕಳನ್ನು ದಾಖಲೆಗಳಲ್ಲಿ ಒಟ್ಟುಗೂಡಿಸುವುದು ಹೇಗೆ?

ನಮಸ್ಕಾರ. ವೀಕ್ಷಕರೊಬ್ಬರು ಕೇಳಿದ ಪ್ರಶ್ನೆಯೊಂದು ಕೆಲವು ವಾರಗಳಿಂದ ನನ್ನನ್ನು ಬಿಡದೆ ಕಾಡುತ್ತಿದೆ. ಜನನ ನೋಂದಣಿಯಲ್ಲಿ ಪ್ರತಿ ಮಗುವಿಗೂ ಒಂದು ದಾಖಲೆ ಇರುತ್ತದೆ. ಆದರೆ ಈ ಐದು ಮಕ್ಕಳು ಒಬ್ಬ ತಾಯಿಯ ಮಕ್ಕಳು ಎಂದು ಹೇಳುವ ದಾಖಲೆ ಅದರಲ್ಲಿ ಎಲ್ಲಿಯೂ ಇರುವುದಿಲ್ಲ. ಹಾಗಿದ್ದರೆ ಹಳೆಯ ದಾಖಲೆಗಳಿಂದ ಒಡಹುಟ್ಟಿದವರ ಗುಂಪುಗಳನ್ನು ಸಂಶೋಧಕರು ಹೇಗೆ ಕಟ್ಟುತ್ತಾರೆ?

ತಾಯಿಗೆ ಗುರುತಿನ ಸಂಖ್ಯೆಯೊಂದಿದ್ದರೆ ಇದು ಪ್ರಶ್ನೆಯೇ ಅಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ತಾಯಿಯನ್ನೇ ಕೇಳಿ ಎಲ್ಲ ಹೆರಿಗೆಗಳನ್ನೂ ಬರೆದುಕೊಳ್ಳುವುದರಿಂದ, ಆಕೆಯ ಸಂಖ್ಯೆ ಪ್ರತಿ ಮಗುವಿನ ಸಾಲಿನಲ್ಲಿಯೂ ಇರುತ್ತದೆ. ಅಂಕಿಅಂಶಗಳ ವಿಶ್ಲೇಷಣೆಗೆ ಬಳಸುವ ಆರ್ (R) ಎಂಬ ಕಂಪ್ಯೂಟರ್ ಭಾಷೆಯಲ್ಲಿ ‘ಗ್ರೂಪ್ ಬೈ’ ಆದೇಶಕ್ಕೆ ಆ ಸಂಖ್ಯೆಯನ್ನು ಕೊಟ್ಟು, ಹುಟ್ಟಿದ ತಿಂಗಳಿನ ಪ್ರಕಾರ ಜೋಡಿಸಿದರೆ, ಮಕ್ಕಳ ನಡುವಿನ ಅಂತರವೂ ಅವಳಿ ಮಕ್ಕಳೂ ಕೆಲವೇ ಸಾಲುಗಳಲ್ಲಿ ಸಿಗುತ್ತವೆ. ಸಂಖ್ಯೆ ಇಲ್ಲದ ಕಡೆ ಏನು ಮಾಡಬೇಕೆಂಬುದೇ ಇಂದಿನ ವಿಷಯ.

(ಪರದೆಯ ಮೇಲೆ: ಸ್ಕಾಟ್ಲೆಂಡಿನ ವಾಯವ್ಯ ಕರಾವಳಿಯ ನಕ್ಷೆ, ಸ್ಕೈ ದ್ವೀಪ)

ಇದಕ್ಕೆ ನಾನು ಆರಿಸಿಕೊಂಡಿರುವ ಸ್ಥಳ ಸ್ಕೈ ದ್ವೀಪ. ಅಲ್ಲಿನ 1861ರಿಂದ 1901ರವರೆಗಿನ 17,000ಕ್ಕೂ ಹೆಚ್ಚು ಜನನ ದಾಖಲೆಗಳನ್ನು ಗಣಕಕ್ಕೆ ಏರಿಸಲಾಗಿದ್ದು, ಈ ಕ್ಷೇತ್ರದ ಹಲವು ಸಂಶೋಧನೆಗಳು ಅವುಗಳ ಮೇಲೆಯೇ ನಡೆದಿವೆ. ಪ್ರತಿ ದಾಖಲೆಯನ್ನೂ ಉಳಿದ ಪ್ರತಿಯೊಂದರ ಜೊತೆ ಹೋಲಿಸಲು ಹೊರಟರೆ 14 ಕೋಟಿಗೂ ಹೆಚ್ಚು ಜೋಡಿಗಳಾಗುತ್ತವೆ. ಆದ್ದರಿಂದ ಒಂದೇ ಬಗೆಯಲ್ಲಿ ಉಚ್ಚರಿಸುವ ಕುಲನಾಮಗಳನ್ನು ಮೊದಲು ಒಂದೊಂದು ಕಂತೆ ಮಾಡಿಕೊಂಡು, ಆ ಕಂತೆಯೊಳಗೆ ಮಾತ್ರ ಹೋಲಿಸುತ್ತಾರೆ.

ನಿಜವಾದ ಕಷ್ಟ ಹೋಲಿಕೆಯಲ್ಲಿದೆ. ಸ್ಕೈ ದ್ವೀಪದಲ್ಲಿ ಮ್ಯಾಕ್‌ಡೊನಾಲ್ಡ್, ಮ್ಯಾಕ್‌ಲಿಯಡ್‌ನಂಥ ಬೆರಳೆಣಿಕೆಯ ಕುಲನಾಮಗಳೇ ಬಹುಪಾಲು ಜನರಿಗಿದ್ದವು. ನಮ್ಮ ಕಡೆಯ ಊರೊಂದರಲ್ಲಿ ಮಂಜುನಾಥನ ಮನೆ ಎಲ್ಲಿ ಎಂದು ಕೇಳಿದರೆ ‘ಯಾವ ಮಂಜುನಾಥ?’ ಎಂಬ ಮರುಪ್ರಶ್ನೆ ಬರುತ್ತದೆಯಲ್ಲವೇ? ಇದೂ ಹಾಗೆಯೇ. ಎಲ್ಲರಿಗೂ ಇರುವ ಹೆಸರು ಎರಡು ದಾಖಲೆಗಳಲ್ಲಿ ಹೊಂದಿಕೊಂಡರೆ ನಮಗೆ ತಿಳಿಯುವುದು ಅತ್ಯಲ್ಪ. ಅಪರೂಪದ ಹೆಸರು ಹೊಂದಿಕೊಂಡರೆ ಬಹಳಷ್ಟು ತಿಳಿಯುತ್ತದೆ. ಕೆನಡಾದ ತಳಿವಿಜ್ಞಾನಿ ಹೊವಾರ್ಡ್ ನ್ಯೂಕೋಂಬ್ ಮತ್ತು ಸಂಗಡಿಗರು ಬ್ರಿಟಿಷ್ ಕೊಲಂಬಿಯಾದ ಜನನ ಮತ್ತು ವಿವಾಹ ದಾಖಲೆಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವಾಗ ಬಳಸಿ, 1959ರಲ್ಲಿ ಪ್ರಕಟಿಸಿದ ವಿಚಾರ ಇದು. ಹತ್ತು ವರ್ಷಗಳ ನಂತರ, 1969ರಲ್ಲಿ, ಸಂಖ್ಯಾಶಾಸ್ತ್ರಜ್ಞರಾದ ಇವಾನ್ ಫೆಲೆಗಿ ಮತ್ತು ಅಲನ್ ಸಂಟರ್ ಇದಕ್ಕೆ ಗಟ್ಟಿಯಾದ ಗಣಿತದ ಬುನಾದಿ ಹಾಕಿದರು.

ಲೆಕ್ಕವನ್ನು ಒಮ್ಮೆ ಮಾಡಿಯೇ ನೋಡೋಣ. ಒಡಹುಟ್ಟಿದವರ ದಾಖಲೆಗಳಲ್ಲಿ ತಂದೆಯ ಕುಲನಾಮ ನೂರಕ್ಕೆ 95 ಸಲ ಹೊಂದಿಕೊಳ್ಳುತ್ತದೆ, ಸಂಬಂಧವಿಲ್ಲದವರಲ್ಲಿಯೂ ಎಂಟರಲ್ಲಿ ಒಂದು ಸಲ ಹೊಂದಿಕೊಳ್ಳುತ್ತದೆ ಎಂದು ಇಟ್ಟುಕೊಳ್ಳೋಣ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 7.6. ಎರಡರ ಆಧಾರದಲ್ಲಿ ಅದರ ಲಾಗರಿದಮ್ (ಎರಡರ ಎಷ್ಟನೆಯ ಘಾತ 7.6 ಆಗುತ್ತದೆ ಎಂಬ ಸಂಖ್ಯೆ) ತೆಗೆದುಕೊಂಡರೆ ಸುಮಾರು 2.9, ಅದೇ ಆ ಹೊಂದಿಕೆಯ ತೂಕ. ಸಾವಿರದಲ್ಲೊಬ್ಬರಿಗೆ ಮಾತ್ರ ಇರುವ ಕುಲನಾಮವಾದರೆ ತೂಕ 9.9ಕ್ಕೆ ಏರುತ್ತದೆ.

ಈಗ ನನಗೆ ಬಹಳ ಇಷ್ಟವಾದ ಸಂಗತಿಗೆ ಬರುತ್ತೇನೆ. ಸ್ಕಾಟ್ಲೆಂಡಿನಲ್ಲಿ ಸರ್ಕಾರಿ ಜನನ ನೋಂದಣಿ 1855ರಲ್ಲಿ ಆರಂಭವಾದಾಗ, ಮಗುವಿನ ದಾಖಲೆಯಲ್ಲಿ ತಂದೆತಾಯಿಯರ ಮದುವೆ ಯಾವಾಗ, ಎಲ್ಲಿ ನಡೆಯಿತು ಎಂಬುದನ್ನೂ ಬರೆಯುತ್ತಿದ್ದರು. ಮರುವರ್ಷ ಆ ಕಲಮನ್ನು ಕೈಬಿಟ್ಟು, 1861ರಿಂದ ಮತ್ತೆ ಸೇರಿಸಿದರು. ಇದರ ಜೊತೆಗೆ ತಾಯಿಯ ತವರಿನ ಕುಲನಾಮವೂ ಇರುತ್ತದೆ. ಯಾರೂ ಸಂಖ್ಯಾಶಾಸ್ತ್ರಜ್ಞರಿಗಾಗಿ ಈ ಕಲಮನ್ನು ಇಟ್ಟಿರಲಿಲ್ಲ; ಆದರೆ ಮೊದಲ ಮಗುವಿನಿಂದ ಕೊನೆಯ ಮಗುವಿನವರೆಗೂ ಬದಲಾಗದೆ ಉಳಿಯುವ ಇದಕ್ಕಿಂತ ಒಳ್ಳೆಯ ಗುರುತು ಬೇರೊಂದಿಲ್ಲ. ಮನೆ ಬದಲಾಗಬಹುದು, ತಂದೆಯ ಉದ್ಯೋಗ ಬದಲಾಗಬಹುದು, ಮದುವೆಯ ದಿನ ಮಾತ್ರ ಬದಲಾಗುವುದಿಲ್ಲ. ಇಪ್ಪತ್ತು ವರ್ಷಗಳ ಅವಧಿಯಲ್ಲಿ 7,300 ದಿನಗಳಿರುವುದರಿಂದ, ಸಂಬಂಧವಿಲ್ಲದ ಎರಡು ದಂಪತಿಗಳ ಮದುವೆ ಒಂದೇ ದಿನ ನಡೆದಿರುವ ಸಾಧ್ಯತೆ ಸುಮಾರು 7,000ದಲ್ಲಿ ಒಂದು ಎಂದು ಹಿಡಿಯೋಣ. ಒಡಹುಟ್ಟಿದವರಲ್ಲಿ ಅದು ನೂರಕ್ಕೆ 80 ಸಲ ಹೊಂದಿಕೊಂಡರೂ ತೂಕ 12ನ್ನು ದಾಟುತ್ತದೆ.

ಹಾಗೆಂದು ದಿನಾಂಕ ಹೊಂದದಿದ್ದರೆ ಆ ಜೋಡಿಯನ್ನು ತಳ್ಳಿಹಾಕಬೇಕೆಂದೇನೂ ಇಲ್ಲ ಎಂಬುದು ಈ ವಿಧಾನದ ಸೊಗಸು. ಮದುವೆಯಾದ ಹದಿನೈದು ವರ್ಷಗಳ ನಂತರ ನೋಂದಣಿಗೆ ಬಂದ ತಂದೆ ದಿನವನ್ನು ತಪ್ಪಾಗಿ ನೆನಪಿಸಿಕೊಳ್ಳಬಹುದು. ನೂರಕ್ಕೆ 20 ಸಲ ಹೊಂದದಿರಬಹುದೆಂದು ನಾವೇ ಒಪ್ಪಿಕೊಂಡಿದ್ದೇವೆ. ಆದ್ದರಿಂದ ಹೊಂದದಿರುವ ಸಾಧ್ಯತೆಗಳನ್ನು ಹೀಗೆಯೇ ಭಾಗಿಸಿ ಲಾಗರಿದಮ್ ತೆಗೆದರೆ, ಹೊಂದದಿದ್ದಾಗ ಕಳೆಯಬೇಕಾದ ತೂಕ ಕೇವಲ 2.3. ಆದರೆ ಮೊದಲು ಲೆಕ್ಕ ಹಾಕಿದ ಕುಲನಾಮ ಹೊಂದದಿದ್ದರೆ 4.1 ಕಳೆಯಬೇಕು. ಹೊಂದಿಕೊಂಡಾಗ ಅತಿ ಬಲವಾದ ಸಾಕ್ಷಿ ಹೊಂದದಿದ್ದಾಗ ದುರ್ಬಲ ಸಾಕ್ಷಿಯಾಗಬಹುದು ಎಂಬ ಇಷ್ಟು ಸೂಕ್ಷ್ಮವಾದ ವಿವೇಚನೆಯನ್ನು ಎರಡು ಪುಟ್ಟ ಸಂಖ್ಯೆಗಳು ಹಿಡಿದಿಡುತ್ತವೆ ಎಂಬುದು ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ.

ಕಾಗುಣಿತದ ಸಣ್ಣ ವ್ಯತ್ಯಾಸಗಳನ್ನು, ಎರಡು ಹೆಸರುಗಳ ಅಕ್ಷರಗಳು ಎಷ್ಟು ಹೋಲುತ್ತವೆ ಎಂದು ಹೇಳುವ ಜಾರೋ-ವಿಂಕ್ಲರ್‌ನಂಥ ಅಳತೆಗಳು ನೋಡಿಕೊಳ್ಳುತ್ತವೆ. ಆದರೆ ಆಗ ಸ್ಕೈ ದ್ವೀಪದ ಜನರ ಮಾತು ಸ್ಕಾಟ್ಲೆಂಡಿನ ಹಳೆಯ ಭಾಷೆಯಾದ ಗೇಲಿಕ್, ದಾಖಲೆಯ ಭಾಷೆ ಇಂಗ್ಲಿಷ್. ಓಯ್‌ರಿಗ್ ಎಂಬ ಒಂದೇ ಗೇಲಿಕ್ ಹೆಸರು ಇಂಗ್ಲಿಷಿನಲ್ಲಿ ಎಫಿ ಆಗಬಹುದು, ಯುಫೀಮಿಯಾ ಆಗಬಹುದು, ಹೆನ್ರಿಯೆಟಾ ಕೂಡ ಆಗಬಹುದು. ಇದನ್ನು ಅಕ್ಷರಗಳ ಹೋಲಿಕೆ ಹಿಡಿಯಲಾರದು. ಊರಿನ ಭಾಷೆ ಬಲ್ಲವರು ಕುಳಿತು ಹೆಸರುಗಳ ಪಟ್ಟಿ ಮಾಡಿಕೊಡಲೇಬೇಕು.

(ಪರದೆಯ ಮೇಲೆ: ಅ, ಆ, ಇ ಎಂಬ ಮೂರು ಚುಕ್ಕಿಗಳು, ಅ–ಆ ನಡುವೆ ಗೆರೆ, ಆ–ಇ ನಡುವೆ ಗೆರೆ)

ಸಮಯ ಕಡಿಮೆ ಇರುವುದರಿಂದ ಮುಂದಿನ ಹಂತಗಳನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ತೂಕಗಳ ಮೊತ್ತ ಒಂದು ಮಿತಿಯನ್ನು ದಾಟಿದ ಜೋಡಿಗಳ ನಡುವೆ ಗೆರೆ ಎಳೆದು, ಗೆರೆಗಳಿಂದ ಕೂಡಿಕೊಂಡವರನ್ನೆಲ್ಲ ಒಂದು ಗುಂಪು ಎನ್ನುತ್ತೇವೆ. ಆರ್‌ನಲ್ಲಿ ಐಗ್ರಾಫ್ ಪ್ಯಾಕೇಜು ಇದನ್ನು ಮಾಡಿಕೊಡುತ್ತದೆ. ಇಲ್ಲಿ ಒಂದು ಅಪಾಯವಿದೆ: ಅ ಮತ್ತು ಆ ಕೂಡಿಕೊಂಡು, ಆ ಮತ್ತು ಇ ಕೂಡಿಕೊಂಡರೆ, ಅ ಮತ್ತು ಇ ನಡುವೆ ನಾಲ್ಕೇ ತಿಂಗಳ ಅಂತರವಿದ್ದರೂ ಅವರು ಒಡಹುಟ್ಟಿದವರಾಗಿಬಿಡುತ್ತಾರೆ. ಒಬ್ಬ ತಾಯಿಯ ಎರಡು ಮಕ್ಕಳು ಅವಳಿಗಳಾಗಿರಬೇಕು, ಇಲ್ಲವೇ ಅವರ ನಡುವೆ ಹೆಚ್ಚುಕಡಿಮೆ ಒಂಬತ್ತು ತಿಂಗಳಾದರೂ ಇರಬೇಕು. ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಸಂಶೋಧಕರು ಸ್ಕೈ ದಾಖಲೆಗಳ ಮೇಲೆ ಈ ಕಾಲದ ನಿಯಮವನ್ನೇ ಗುಂಪು ಕಟ್ಟುವ ಕ್ರಮದೊಳಕ್ಕೆ ತಂದಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಈ ನಿಯಮವಿಲ್ಲದೆ ಕಟ್ಟಿದ ಗುಂಪುಗಳನ್ನು ನಂಬಬಾರದು.

ಕರ್ನಾಟಕದ ದಾಖಲೆಗಳಲ್ಲಿ ಇದೇ ಕೆಲಸ ಮಾಡಬಹುದೇ ಎಂದೂ ಅದೇ ವೀಕ್ಷಕರು ಕೇಳಿದ್ದರು. ಭಾರತದ 1969ರ ಜನನ ಮತ್ತು ಮರಣ ನೋಂದಣಿ ಕಾಯ್ದೆಯ ಪ್ರಕಾರ ಜನನವನ್ನು ನೋಂದಾಯಿಸುವುದು ಮಗು ಹುಟ್ಟಿದ ಸ್ಥಳದಲ್ಲಿ. ನಮ್ಮಲ್ಲಿ ಚೊಚ್ಚಲ ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ವಾಡಿಕೆ. ಆದ್ದರಿಂದ ಮೊದಲ ಮಗುವಿನ ದಾಖಲೆ ತವರಿನ ಕಡೆಯ ಕಚೇರಿಯಲ್ಲಿದ್ದು, ಎರಡನೆಯದು ಗಂಡನ ಊರಿನ ಕಚೇರಿಯಲ್ಲಿರಬಹುದು. ಕಚೇರಿವಾರು ಕಂತೆ ಕಟ್ಟಿದರೆ ಅಕ್ಕ ತಮ್ಮಂದಿರು ಎಂದಿಗೂ ಎದುರಾಗುವುದಿಲ್ಲ. ಇಲ್ಲಿ ತಂದೆತಾಯಿಯರ ಖಾಯಂ ವಿಳಾಸದ ಮೇಲೆ ಕಂತೆ ಕಟ್ಟುವುದು ಮೇಲು. ಮದುವೆಯ ದಿನಾಂಕ ನಮ್ಮ ನಮೂನೆಯಲ್ಲಿಲ್ಲ. ಆದರೆ ಈ ಮಗುವೂ ಸೇರಿ ತಾಯಿಗೆ ಇದುವರೆಗೆ ಜೀವಂತವಾಗಿ ಹುಟ್ಟಿದ ಮಕ್ಕಳೆಷ್ಟು ಎಂಬ ಪ್ರಶ್ನೆಯೊಂದಿದೆ. ಗುಂಪನ್ನು ಪರೀಕ್ಷಿಸಲು ಅದು ಬಹಳ ನೆರವಾಗುತ್ತಿತ್ತು. ದುರದೃಷ್ಟವಶಾತ್, ಆ ಪ್ರಶ್ನೆ ಇರುವುದು ನಮೂನೆಯ ಅಂಕಿಅಂಶಗಳ ಭಾಗದಲ್ಲಿ. ಹೆಸರುಗಳಿರುವ ಭಾಗದಿಂದ ಅದನ್ನು ಬೇರ್ಪಡಿಸಿ ಎಣಿಕೆಗೆ ಕಳುಹಿಸುವುದು ಪದ್ಧತಿ.