ಕೆಳಗಿನ ಮನೆಗೆ ಬಂದೆವು

ಕೇಳುಗರಿಗೆ ನಮಸ್ಕಾರ.

ತುಮಕೂರಿನ ಚಿಕ್ಕಪೇಟೆಯಲ್ಲಿ ನಾವು ಕಟ್ಟಿಸಿದ್ದ ಮೊದಲ ಮನೆಯನ್ನು ಮಾರಿ ಕುವೆಂಪುನಗರಕ್ಕೆ ಬಂದಿದ್ದೇವೆ. ಅಷ್ಟು ಚೆನ್ನಾಗಿರೋ ಮನೆ ಯಾಕೆ ಮಾರಿದಿರಿ ಅಂತ ನೆಂಟರು ಇನ್ನೂ ಕೇಳುತ್ತಾರೆ. ಅದಕ್ಕೇ ಈ ಮಾತು.

ನಮ್ಮ ಮಗನಿಗೆ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ ಇದೆ. ಹುಟ್ಟಿನಿಂದಲೇ ಬರುವ ಕಾಯಿಲೆ, ಹೆಚ್ಚಾಗಿ ಗಂಡುಮಕ್ಕಳಿಗೆ. ಡಿಸ್ಟ್ರೊಫಿನ್ ಅನ್ನೋ ಪ್ರೋಟೀನ್ ಮೈಯಲ್ಲಿ ಸರಿಯಾಗಿ ತಯಾರಾಗದೆ ಮಾಂಸಖಂಡಗಳು ವರ್ಷದಿಂದ ವರ್ಷಕ್ಕೆ ಸೋಲುತ್ತಾ ಹೋಗುತ್ತವೆ. ಸುಮಾರು 12 ವರ್ಷದ ಹೊತ್ತಿಗೆ ಬಹಳಷ್ಟು ಮಕ್ಕಳಿಗೆ ಗಾಲಿಕುರ್ಚಿ ಬೇಕಾಗುತ್ತದೆ.

ನಾವಿದ್ದದ್ದು ಮೇಲಿನ ಮನೆಯಲ್ಲಿ, ಕೆಳಗಡೆ ಬಾಡಿಗೆಗೆ ಕೊಟ್ಟಿದ್ದೆವು. ಮಗ ಸಣ್ಣವನಿದ್ದಾಗ ಅವರಪ್ಪ ಎತ್ತಿಕೊಂಡು ಹತ್ತುತ್ತಿದ್ದರು. ಹುಡುಗ ಬೆಳೆದ. ಕೈಗಳಲ್ಲೂ ಶಕ್ತಿ ಕಡಿಮೆಯಾಗಿ ಬ್ಯಾಟರಿ ಕುರ್ಚಿ ಬಂತು. ಅವನನ್ನೂ ಎತ್ತಿ, ಆ ಕುರ್ಚಿಯನ್ನೂ ಮೆಟ್ಟಿಲ ಮೇಲೆ ಹೊತ್ತು ತರೋಕಾಗುತ್ತಾ?

ಬಾಡಿಗೆಯವರನ್ನು ಬಿಡಿಸಿ ಕೆಳಗೇ ಇರಬಹುದಿತ್ತಲ್ವಾ ಅಂತ ನೀವು ಕೇಳಬಹುದು. ನಾವೂ ಅದನ್ನೇ ಯೋಚಿಸಿದ್ದೆವು. ಆದರೆ ಮಳೆನೀರು ನುಗ್ಗದಿರಲಿ ಅಂತ ಪಾಯವನ್ನು ರಸ್ತೆಯಿಂದ 2 ಅಡಿ ಎತ್ತರಿಸಿದ್ದೆವು. ಇಳಿಜಾರು ಕಟ್ಟುವಾಗ 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು, ಅದಕ್ಕಿಂತ ಕಡಿದಾದರೆ ಕುರ್ಚಿ ಹಿಂದಕ್ಕೆ ಮಗುಚುವ ಭಯ. ಅಂದರೆ ನಮಗೆ 24 ಅಡಿ. 20-30ರ ಸೈಟಿನಲ್ಲಿ ಗೇಟಿಗೂ ಬಾಗಿಲಿಗೂ ನಡುವೆ ಅಷ್ಟು ಜಾಗ ಎಲ್ಲಿಂದ ತರೋದು? ಬಚ್ಚಲಿನ ಬಾಗಿಲು ಬೇರೆ ಎರಡೂವರೆ ಅಡಿ. ಚೌಕಟ್ಟು ಕಳೆದರೆ ಕುರ್ಚಿ ಒಳಗೆ ಹೋಗುವುದೇ ಇಲ್ಲ. ಬಾಗಿಲ ಬಳಿ ಕೂರಿಸಿ, ಬಾಗಿಲು ತೆರೆದಿಟ್ಟೇ ಸ್ನಾನ ಮಾಡಿಸಬೇಕಿತ್ತು. ಮೀಸೆ ಚಿಗುರುವ ವಯಸ್ಸಿನ ಹುಡುಗ. ಅವನು ಮುಖ ಗೋಡೆ ಕಡೆ ತಿರುಗಿಸಿಕೊಳ್ಳುತ್ತಿದ್ದ. ನನಗೆ ಮೆಟ್ಟಿಲಿಗಿಂತ ಅದೇ ಜಾಸ್ತಿ ನೋವು ಕೊಟ್ಟಿತು.

ಹೊಸ ಮನೆ ಹುಡುಕುವಾಗ ಅವನನ್ನೂ ಕುರ್ಚಿಯನ್ನೂ ಅಳತೆ ಟೇಪನ್ನೂ ಜೊತೆಗೇ ಕರೆದುಕೊಂಡು ಹೋಗುತ್ತಿದ್ದೆವು. ಬಾಗಿಲು ದಾಟಲು 3 ಅಡಿ, ಕುರ್ಚಿ ಸುತ್ತ ತಿರುಗಲು 5 ಅಡಿ. ಇಷ್ಟು ಇಲ್ಲದ ಮನೆ ಎಷ್ಟೇ ಚೆಂದವಿದ್ದರೂ ಬೇಡ ಅಂದೆವು. ಕೊನೆಗೆ ಸಿಕ್ಕ ಮನೆಯಲ್ಲೂ ಬಚ್ಚಲಿನ ನೆಲ ತಗ್ಗಿನಲ್ಲಿತ್ತು. ಅದನ್ನು ಮಟ್ಟ ಮಾಡಿಸಿ, ಜಾರದ ಟೈಲ್ಸ್ ಹಾಕಿಸಿ, ಬಾಗಿಲು ಹೊರಗಡೆ ತೆರೆಯುವಂತೆ ಕೂರಿಸಿದೆವು. ಈಗ ಅಪ್ಪ-ಮಗ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ.

ಹೊಸ್ತಿಲಿನ ವಿಷಯಕ್ಕೆ ಮಾತ್ರ ನಮ್ಮ ಅತ್ತೆ ಬೇಜಾರು ಮಾಡಿಕೊಂಡರು. "ಹೊಸ್ತಿಲಿಲ್ಲದ್ದು ಮನೆ ಹೇಗಾಗುತ್ತಮ್ಮಾ" ಅಂದರು. ಅವರ ಮಾತೂ ನನಗೆ ದೊಡ್ಡದೇ. ಬಡಗಿಯವರು ಮರದ ಹೊಸ್ತಿಲನ್ನೇ ನೆಲದ ಮಟ್ಟಕ್ಕೆ ಇಳಿಸಿ ಕೂರಿಸಿಕೊಟ್ಟರು. ಅತ್ತೆ ಅದಕ್ಕೇ ಅರಿಶಿನ ಕುಂಕುಮ ಇಡುತ್ತಾರೆ, ರಂಗೋಲಿಯನ್ನು ಚಕ್ರ ಹಾಯದ ಪಕ್ಕಕ್ಕೆ ಹಾಕುತ್ತಾರೆ.

ಮಗ ಈಗ ಯಾರನ್ನೂ ಕರೆಯದೆ ಗೇಟಿನವರೆಗೆ ಹೋಗುತ್ತಾನೆ. ಗೆಳೆಯರು ಬರುತ್ತಾರೆ. ಅವನು ಮಾತ್ರ ಅವರ ಮನೆಗಳಿಗೆ ಹೋಗಲಾರ, ಎಲ್ಲರ ಮನೆ ಮುಂದೆಯೂ ಮೆಟ್ಟಿಲು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ, ಅದರಲ್ಲಿ ಇವನ ಕಾಯಿಲೆಯೂ ಇದೆ. ಶಾಲೆ, ಕಚೇರಿ, ಬಸ್ ನಿಲ್ದಾಣಗಳ ಬಗ್ಗೆ ಕಾನೂನನ್ನು ಹಿಡಿದು ಕೇಳಬಹುದು. ಗೆಳೆಯನ ಮನೆಯವರನ್ನು ಹಾಗೆ ಕೇಳೋಕಾಗುತ್ತಾ?

ಅದಕ್ಕೇ ನಿಮ್ಮನ್ನು ಕೇಳಿಕೊಳ್ಳುತ್ತೇನೆ. ಮನೆ ಕಟ್ಟಿಸುತ್ತಿದ್ದರೆ, ಪಾಯ ಏಳುವ ಮೊದಲೇ ಮೇಸ್ತ್ರಿಗೆ ಹೇಳಿ ಒಂದು ಇಳಿಜಾರಿಗೆ ಜಾಗ ಬಿಡಿಸಿ, ಒಂದು ಬಚ್ಚಲಿಗಾದರೂ ಅಗಲ ಬಾಗಿಲು ಇಡಿಸಿ. ನಮಸ್ಕಾರ.