ದವಡೆ ಚಿಕ್ಕದಾದರೆ ನಿದ್ದೆಗೇನಾಗುತ್ತದೆ?

ಎಲ್ಲರಿಗೂ ನಮಸ್ಕಾರ.

ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಅಂದ ತಕ್ಷಣ ಜೋರಾಗಿ ಗೊರಕೆ ಹೊಡೆಯುವ, ದಪ್ಪಗಿರುವ ನಡುವಯಸ್ಸಿನ ಗಂಡಸರು ನೆನಪಾಗುತ್ತಾರೆ. ಇವತ್ತು ನಾನು ಮಾತಾಡುವುದು ಬೇರೆಯವರ ಬಗ್ಗೆ. ತೆಳ್ಳಗಿರುವವರು, ಚಿಕ್ಕ ವಯಸ್ಸಿನವರು, ಅದರಲ್ಲೂ ಹೆಣ್ಣುಮಕ್ಕಳು. ಎಂಟು ಗಂಟೆ ಮಲಗಿದರೂ ಏಳುವಾಗಲೇ ಸುಸ್ತು. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ಎಲ್ಲವೂ ನಾರ್ಮಲ್. ಕೊನೆಗೆ ಸಿಗುವುದು ‘ಟೆನ್ಷನ್ ಮಾಡ್ಕೋಬೇಡಿ’ ಅನ್ನುವ ಸಲಹೆ. ಇವರ ಮುಖವನ್ನು ಪಕ್ಕದಿಂದ ಯಾರೂ ನೋಡಿರುವುದಿಲ್ಲ. ಹಲ್ಲಿನ ಡಾಕ್ಟರಾದ ನನಗೆ ಮೊದಲು ಕಾಣುವುದೇ ಅದು. ಹಿಂದೆ ಸರಿದ ಗದ್ದ, ಕಿರಿದಾಗಿ ಎತ್ತರಕ್ಕೇರಿದ ಅಂಗುಳ, ಒತ್ತೊತ್ತಾದ ಹಲ್ಲು.

ಈಗ ಎಲ್ಲರೂ ಬಾಯಿ ಮುಚ್ಚಿ, ಕೆಳದವಡೆಯನ್ನು ಆದಷ್ಟು ಹಿಂದಕ್ಕೆ ಎಳೆದುಕೊಂಡು ಮೂಗಿನಿಂದ ಉಸಿರೆಳೆಯಿರಿ. ಆಮೇಲೆ ದವಡೆಯನ್ನು ಮುಂದೆ ತಂದು ಎಳೆಯಿರಿ. ವ್ಯತ್ಯಾಸ ಗೊತ್ತಾಯ್ತು ಅಲ್ವಾ? ನಾಲಗೆಯ ಮುಖ್ಯ ಸ್ನಾಯು ಗದ್ದದ ಮೂಳೆಯ ಒಳಬದಿಗೆ ಅಂಟಿಕೊಂಡಿದೆ. ಮೂಳೆ ಹಿಂದಿದ್ದರೆ ನಾಲಗೆಯೂ ಹಿಂದೆ, ಅದರ ಹಿಂದಿರುವ ಗಾಳಿಯ ದಾರಿಯೂ ಕಿರಿದು. ಮೇಲ್ದವಡೆಯೂ ಅಷ್ಟೇ ಮುಖ್ಯ. ಅಂಗುಳ ಅಂದರೆ ಮೂಗಿನ ನೆಲ. ಅದು ಕಿರಿದಾದರೆ ಮೂಗಿನೊಳಗೂ ಇಕ್ಕಟ್ಟು, ನಾಲಗೆಗೂ ಜಾಗ ಸಾಲದು.

ಎಚ್ಚರವಿರುವಾಗ ಗಂಟಲಿನ ಸ್ನಾಯುಗಳು ಬಿಗಿಯಾಗಿದ್ದು ಈ ದಾರಿಯನ್ನು ತೆರೆದಿಡುತ್ತವೆ. ನಿದ್ದೆಯಲ್ಲಿ ಸಡಿಲವಾಗುತ್ತವೆ. ಎಳನೀರಿಗೆ ಹಾಕುವ ಕಾಗದದ ಸ್ಟ್ರಾ ನೆನೆದು ಮೆತ್ತಗಾದ ಮೇಲೆ, ಜೋರಾಗಿ ಹೀರಿದಷ್ಟೂ ಒಳಗೊಳಗೇ ಅಂಟಿಕೊಳ್ಳುತ್ತದಲ್ಲ, ಗಂಟಲಲ್ಲೂ ಹಾಗೇ ಆಗುತ್ತದೆ. ಉಸಿರು 10 ಸೆಕೆಂಡು ಅಥವಾ ಅದಕ್ಕಿಂತ ಜಾಸ್ತಿ ಹೊತ್ತು ನಿಂತರೆ ಅದು ಆಪ್ನಿಯಾ. ಪೂರ್ತಿ ನಿಂತದ್ದು, ಬಹಳ ಕಡಿಮೆಯಾದದ್ದು ಎರಡೂ ಸೇರಿ ಗಂಟೆಗೆ 5 ಮುಟ್ಟಿದರೆ ಕಾಯಿಲೆಯ ಲೆಕ್ಕಕ್ಕೆ ಬರುತ್ತದೆ. 30 ಮುಟ್ಟಿದರೆ ತೀವ್ರ.

ನಾನು ಹೇಳಿದ ಜನ ಎಷ್ಟೋ ಸಲ ಈ 5ನ್ನೂ ಮುಟ್ಟುವುದಿಲ್ಲ. ಇವರನ್ನು ಗಂಭೀರವಾಗಿ ತೆಗೆದುಕೊಂಡವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಿದ್ದೆಯ ತಜ್ಞ ಕ್ರಿಶ್ಚಿಯನ್ ಗಿಯೆಮಿನೊ. ಹಗಲೆಲ್ಲ ತೂಕಡಿಸುವ, ಆದರೆ ಆಪ್ನಿಯಾ ಇಲ್ಲದವರ ಅನ್ನನಾಳದೊಳಗಿನ ಒತ್ತಡವನ್ನು ಅವರ ತಂಡ ರಾತ್ರಿಯಿಡೀ ಅಳೆಯಿತು. ಉಸಿರೆಳೆಯಲು ಎದೆ ಎಷ್ಟು ಶ್ರಮಪಡುತ್ತಿದೆ ಅನ್ನುವುದು ಆ ಒತ್ತಡದಿಂದ ಗೊತ್ತಾಗುತ್ತದೆ. ಉಸಿರು ನಿಂತಿರಲಿಲ್ಲ. ಆದರೆ ಒಂದೊಂದು ಉಸಿರಿಗೂ ಎದೆ ಜಾಸ್ತಿ ಜಾಸ್ತಿ ಶ್ರಮಪಡುತ್ತಿತ್ತು, ಆ ಶ್ರಮಕ್ಕೆ ಮೆದುಳು ಕೆಲವು ಸೆಕೆಂಡು ಎಚ್ಚರಗೊಳ್ಳುತ್ತಿತ್ತು. ಬೆಳಿಗ್ಗೆ ಇದ್ಯಾವುದೂ ನೆನಪಿರುವುದಿಲ್ಲ, ಸುಸ್ತು ಮಾತ್ರ ಉಳಿದಿರುತ್ತದೆ. 1993ರಲ್ಲಿ ಅವರು ಇದಕ್ಕೆ ‘ಅಪ್ಪರ್ ಏರ್‌ವೇ ರೆಸಿಸ್ಟೆನ್ಸ್ ಸಿಂಡ್ರೋಮ್’, ಅಂದರೆ ಗಾಳಿಯ ದಾರಿಯ ಮೇಲ್ಭಾಗದಲ್ಲಿ ತಡೆ ಇರುವ ಕಾಯಿಲೆ, ಎಂದು ಹೆಸರಿಟ್ಟರು. ಇದು ಬೇರೆಯೇ ಕಾಯಿಲೆಯೋ, ಆಪ್ನಿಯಾದ ಸೌಮ್ಯ ರೂಪವೋ ಅನ್ನುವ ಚರ್ಚೆ ಇನ್ನೂ ಇದೆ. ನನಗೆ ಅದಕ್ಕಿಂತ ಮುಖ್ಯವಾದದ್ದು ಪರೀಕ್ಷೆಯ ವಿಷಯ. ಮನೆಯಲ್ಲೇ ಬೆರಳಿಗೆ, ಮೂಗಿಗೆ ಹಾಕಿಕೊಂಡು ಮಾಡುವ ಸ್ಲೀಪ್ ಟೆಸ್ಟ್‌ಗಳಲ್ಲಿ ಸಾಮಾನ್ಯವಾಗಿ ಮೆದುಳಿನ ತರಂಗ ದಾಖಲಾಗುವುದಿಲ್ಲ. ಹಾಗಾಗಿ ಈ ಸಣ್ಣ ಎಚ್ಚರಗಳು ಲೆಕ್ಕಕ್ಕೇ ಸಿಗುವುದಿಲ್ಲ. ರಿಪೋರ್ಟ್ ನಾರ್ಮಲ್ ಬಂದೂ ಸುಸ್ತು ಹೋಗದಿದ್ದರೆ, ಲ್ಯಾಬ್‌ನಲ್ಲಿ ಇಡೀ ರಾತ್ರಿ ಮಾಡುವ ಸ್ಟಡಿ ಬೇಕೇ ಎಂದು ಡಾಕ್ಟರನ್ನು ಧೈರ್ಯವಾಗಿ ಕೇಳಿ.

ಹಾಗಂತ ಎಲ್ಲ ಸುಸ್ತಿಗೂ ದವಡೆಯೇ ಕಾರಣ ಅಲ್ಲ. ಎಂಇ/ಸಿಎಫ್‌ಎಸ್ ಎಂಬ ದೀರ್ಘಕಾಲದ ಆಯಾಸದ ಕಾಯಿಲೆ ಬೇರೆ ಇದೆ. ಅದರಲ್ಲಿ ಸ್ವಲ್ಪ ಹೆಚ್ಚು ಓಡಾಡಿದರೂ ಮರುದಿನವೋ ಅದರಾಚೆಯೋ ದೇಹ ಕುಸಿದು ಬೀಳುತ್ತದೆ, ಚೇತರಿಸಿಕೊಳ್ಳಲು ದಿನಗಳೋ ವಾರಗಳೋ ಬೇಕು. ಈ ಕಾಯಿಲೆಯನ್ನು ಗುರುತಿಸಲು ತಜ್ಞರು 1994ರಲ್ಲಿ ಕೊಟ್ಟ ವ್ಯಾಖ್ಯೆಯಲ್ಲೇ, ಚಿಕಿತ್ಸೆಯಾಗದ ಸ್ಲೀಪ್ ಆಪ್ನಿಯಾ ಇದ್ದರೆ ಆ ಹೆಸರು ಕೊಡಬಾರದು ಎಂದಿತ್ತು. ಅಂದರೆ ಉಸಿರಾಟವನ್ನು ಮೊದಲೇ ನೋಡಬೇಕಿತ್ತು. ಆದರೆ ಎರಡೂ ಒಬ್ಬರಲ್ಲೇ ಇರಬಹುದು. ಉಸಿರಾಟ ಸರಿಹೋದ ಮೇಲೂ ಸುಸ್ತು ಉಳಿದವರಿಗೆ ‘ಸುಮ್ನೆ ನಾಟಕ’ ಅನ್ನಬೇಡಿ, ದಯವಿಟ್ಟು.

ಚಿಕಿತ್ಸೆಗೆ ಬರೋಣ. ಮಾಸ್ಕ್ ಮೂಲಕ ಗಾಳಿಯ ಒತ್ತಡ ಕೊಡುವ ಸಿಪ್ಯಾಪ್ ಅನ್ನು 1981ರಲ್ಲಿ ಸಿಡ್ನಿಯ ಡಾಕ್ಟರ್ ಕಾಲಿನ್ ಸಲಿವನ್ ತೋರಿಸಿಕೊಟ್ಟರು. ಈಗಲೂ ಅದೇ ಮೊದಲ ದಾರಿ. ಕೆಳದವಡೆಯನ್ನು ರಾತ್ರಿ ಮುಂದೆ ಹಿಡಿದಿಡುವ ಸಾಧನವನ್ನು ನಾವು ಹಲ್ಲಿನ ಡಾಕ್ಟರುಗಳು ಮಾಡಿಕೊಡುತ್ತೇವೆ. ಎರಡೂ ದವಡೆಗಳನ್ನು ಕತ್ತರಿಸಿ ಮುಂದೆ ತರುವ ಆಪರೇಷನ್ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಅದು ದೊಡ್ಡ ಆಪರೇಷನ್, ತುಟಿ ಗದ್ದದ ಸ್ಪರ್ಶ ಮರಗಟ್ಟಿ ಹಾಗೇ ಉಳಿಯಬಹುದು. ಎಕ್ಸ್‌ರೇ ತೆಗೆಯುವುದು ನೀವು ಎಚ್ಚರವಿದ್ದಾಗ. ಅದೊಂದನ್ನೇ ತೋರಿಸಿ ‘ದಾರಿ ಕಿರಿದು, ಆಪರೇಷನ್ ಮಾಡೋಣ’ ಅಂದರೆ ಒಪ್ಪಬೇಡಿ. ನಾಲಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿದರೆ ದವಡೆ ಬೆಳೆಯುತ್ತದೆ ಅನ್ನುವ ವಿಡಿಯೊಗಳಿವೆ. ದೊಡ್ಡವರಲ್ಲಿ ಮೂಳೆ ಹಾಗೆ ಬದಲಾಗುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ. ಹಲ್ಲು ಕೀಳಿಸಿ ಕ್ಲಿಪ್ ಹಾಕಿಸಿದ್ದಕ್ಕೇ ಹೀಗಾಯ್ತಾ ಎಂದು ಕೊರಗುವವರೂ ಇದ್ದಾರೆ. ಅಮೆರಿಕದಲ್ಲಿ 5,500ಕ್ಕೂ ಹೆಚ್ಚು ಜನರ ದಾಖಲೆ ನೋಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಥ ಸಂಬಂಧ ಕಾಣಲಿಲ್ಲ.

ಮಕ್ಕಳ ವಿಷಯದಲ್ಲಿ ಮಾತ್ರ ತಡಮಾಡಬೇಡಿ. ಟಾನ್ಸಿಲ್ ಅಥವಾ ಮೂಗಿನ ಹಿಂದಿರುವ ಅಡೆನಾಯ್ಡ್ ಗ್ರಂಥಿ ಊದಿದ ಮಗು ಬಾಯಲ್ಲಿ ಉಸಿರಾಡುತ್ತದೆ. ವರ್ಷಗಟ್ಟಲೆ ಹಾಗಾದರೆ ನಾಲಗೆ ಕೆಳಗೇ ಉಳಿದು ಅಂಗುಳ ಕಿರಿದಾಗಿ ಬೆಳೆಯಬಹುದು. ದಣಿದ ಮಗು ತೂಕಡಿಸುವುದಕ್ಕಿಂತ ಜಾಸ್ತಿ ಚಡಪಡಿಸುತ್ತದೆ, ಓದಿನಲ್ಲಿ ಗಮನ ಇರುವುದಿಲ್ಲ, ಬೈಗುಳ ತಿನ್ನುತ್ತದೆ. ಈ ವಯಸ್ಸಿನಲ್ಲಿ ಅಂಗುಳದ ನಡುವಿನ ಬೆಸುಗೆ ಇನ್ನೂ ಗಟ್ಟಿಯಾಗಿರುವುದಿಲ್ಲ, ಆಪರೇಷನ್ ಇಲ್ಲದೆ ಅಗಲಿಸಬಹುದು. ಮಗು ಬಾಯಿ ತೆರೆದು ಮಲಗಿ ಗೊರಕೆ ಹೊಡೆಯುತ್ತಿದ್ದರೆ ಫೋನಿನಲ್ಲಿ ವಿಡಿಯೊ ಮಾಡಿಕೊಂಡು ಮೊದಲು ಇಎನ್‌ಟಿ ಡಾಕ್ಟರಿಗೆ ತೋರಿಸಿ, ಆಮೇಲೆ ನಮ್ಮ ಹತ್ತಿರ ಬನ್ನಿ.