‘ರನ್’ ಪದಕ್ಕೆ ನಿಜವಾಗಿಯೂ 645 ಅರ್ಥಗಳಿವೆಯೆ?

ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಹೆಚ್ಚು ಅರ್ಥಗಳಿರುವ ಪದ ಯಾವುದು ಎಂಬುದು ರಸಪ್ರಶ್ನೆಯವರಿಗೆ ಬಲು ಪ್ರಿಯವಾದ ಪ್ರಶ್ನೆ. ಹಿಂದೆ ‘ಸೆಟ್’ ಎಂದರೆ ಅಂಕ ಸಿಗುತ್ತಿತ್ತು, ಈಗ ‘ರನ್’ ಎನ್ನಬೇಕು. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಸಂಪಾದಕರು 2011ರ ಪರಿಷ್ಕರಣೆಯಲ್ಲಿ ಈ ಒಂದು ಕ್ರಿಯಾಪದದಡಿ 645 ಅರ್ಥಗಳನ್ನು ಬೇರೆಬೇರೆಯಾಗಿ ದಾಖಲಿಸಿದರು. ಅಂದಿನಿಂದ ಆ ಸಂಖ್ಯೆಯನ್ನು ಪದದ ಕೊರಳಿಗೆ ಪದಕದಂತೆ ತೂಗುಹಾಕುವ ಅಭ್ಯಾಸ ಬೆಳೆದಿದೆ. ನನ್ನ ತಕರಾರಿರುವುದು ಈ ಅಭ್ಯಾಸದ ಬಗ್ಗೆ. ಎಣಿಕೆ ತಪ್ಪೆಂದು ನಾನು ಹೇಳುತ್ತಿಲ್ಲ. ಆ ಎಣಿಕೆಯಿಂದ ನಮಗೆ ತಿಳಿಯುವುದು ಪದಕ್ಕಿಂತ ಹೆಚ್ಚಾಗಿ ನಿಘಂಟಿನ ಸಂಗತಿ ಎಂದು ಹೇಳುತ್ತಿದ್ದೇನೆ.

ದಾಖಲೆ ಕೈ ಬದಲಾಯಿಸಿದ ರೀತಿಯನ್ನೇ ನೋಡಿ. 1989ರಲ್ಲಿ ಅಚ್ಚಾದ ಆಕ್ಸ್‌ಫರ್ಡ್ ನಿಘಂಟಿನ ಎರಡನೆಯ ಆವೃತ್ತಿಯಲ್ಲಿ ಅತಿ ಉದ್ದದ ನಮೂದು ‘ಸೆಟ್’ ಕ್ರಿಯಾಪದದ್ದು. ಅದನ್ನು ವಿವರಿಸಲು ಸುಮಾರು 60,000 ಪದಗಳು ಬೇಕಾದವು, ನುಡಿಗಟ್ಟುಗಳನ್ನು ಬಿಟ್ಟರೂ ಸುಮಾರು 430 ಅರ್ಥಗಳಿದ್ದವು. ಅನಂತರ ಮೂರನೆಯ ಆವೃತ್ತಿಗಾಗಿ ಪರಿಷ್ಕರಣೆ ಆರಂಭವಾದಾಗ ಸಂಪಾದಕರು ಮೊದಲ ಅಕ್ಷರದಿಂದ ಹೊರಡದೆ ‘ಎಂ’ ಅಕ್ಷರದಿಂದ ಹೊರಟರು. 2000ದಲ್ಲಿ ‘ಮೇಕ್’ ಪದ ‘ಸೆಟ್’ ಅನ್ನು ಹಿಂದಿಕ್ಕಿತು, 2007ರಲ್ಲಿ ‘ಪುಟ್’, 2011ರಲ್ಲಿ ‘ರನ್’. ಎಂ, ಪಿ, ಆರ್ ಎಂದು ದಾಖಲೆ ಮುರಿಯುತ್ತ ಬಂದದ್ದು ಅಕ್ಷರಮಾಲೆಯ ಕ್ರಮದಲ್ಲಿ! ಹನ್ನೊಂದು ವರ್ಷಗಳಲ್ಲಿ ಇಂಗ್ಲಿಷರು ಇದ್ದಕ್ಕಿದ್ದಂತೆ ಈ ಪದಗಳಿಗೆ ನೂರಾರು ಹೊಸ ಕೆಲಸಗಳನ್ನು ವಹಿಸಿದರೆಂದು ಇದರ ಅರ್ಥವಲ್ಲ. ಸಂಪಾದಕರ ಕೈ ಯಾವ ಅಕ್ಷರಕ್ಕೆ ತಲುಪಿತೋ ಆ ಅಕ್ಷರದ ದೊಡ್ಡ ಕ್ರಿಯಾಪದ ಹೊಸ ಪುರಾವೆಗಳ ಬೆಳಕಿನಲ್ಲಿ ಇನ್ನಷ್ಟು ಸೂಕ್ಷ್ಮವಾಗಿ ವಿಂಗಡಣೆಗೊಂಡಿತು, ಅಷ್ಟೆ. ಹಳೆಯ ಅಳತೆಗೋಲಿನ 430ನ್ನು ಹೊಸ ಅಳತೆಗೋಲಿನ 645ರ ಪಕ್ಕದಲ್ಲಿಟ್ಟು ಗೆದ್ದವರು ಯಾರೆಂದು ಕೇಳುವುದು ನ್ಯಾಯವಲ್ಲ.

ಇನ್ನೊಂದು ಅಳತೆಗೋಲು ಬೇಕಾದರೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಸಿದ್ಧವಾದ ವರ್ಡ್‌ನೆಟ್ ಎಂಬ ಪದಸಂಗ್ರಹವಿದೆ. ಅದರಲ್ಲಿ ‘ರನ್’ ಕ್ರಿಯಾಪದಕ್ಕಿರುವುದು 41 ಅರ್ಥಗಳು. ಒಂದೇ ಪದ, ಒಂದೆಡೆ 645, ಇನ್ನೊಂದೆಡೆ 41. ಎರಡೂ ಸರಿ, ಏಕೆಂದರೆ ಎರಡರ ಉದ್ದೇಶ ಬೇರೆ. ಆಕ್ಸ್‌ಫರ್ಡ್ ನಿಘಂಟು ಇತಿಹಾಸದ ಕೃತಿ. ಪದದ ಪ್ರತಿಯೊಂದು ಬಳಕೆ ಯಾವ ಕಾಲದಲ್ಲಿ ಹುಟ್ಟಿತು, ಯಾವುದು ಸತ್ತಿತು ಎಂಬುದನ್ನೂ ಅದು ಉದಾಹರಣೆ ಸಮೇತ ಹೇಳಬೇಕು. ‘ರನ್’ ಒಂದಕ್ಕೇ ಸಂಪಾದಕ ಪೀಟರ್ ಗಿಲಿವರ್ ಒಂಬತ್ತು ತಿಂಗಳು ಕೂತದ್ದು ಆ ಕಾರಣಕ್ಕೆ. ಆ ದುಡಿಮೆಯನ್ನು ಹಗುರ ಮಾಡುವ ಉದ್ದೇಶ ನನಗಿಲ್ಲ. ಆದರೆ ಅರ್ಥಗಳ ನಡುವಿನ ಗೆರೆಗಳು ಭಾಷೆಯಲ್ಲಿ ಮೊದಲೇ ಎಳೆದಿಟ್ಟವುಗಳಲ್ಲ, ನಾವು ನಮ್ಮ ಕೆಲಸಕ್ಕೆ ತಕ್ಕಂತೆ ಎಳೆದುಕೊಳ್ಳುವಂಥವು ಎಂದು ಆಡಂ ಕಿಲ್ಗಾರಿಫ್ ಎಂಬ ಭಾಷಾವಿಜ್ಞಾನಿ 1997ರಲ್ಲಿ ಮಂಡಿಸಿದ ವಾದ ನನಗೆ ಇಂದಿಗೂ ಒಪ್ಪಿಗೆಯಾಗಿದೆ.

ಈಗ ಪದದ ಒಳಗೆ ಹೋಗೋಣ. ಇಂಗ್ಲಿಷಿನಲ್ಲಿ ಹುಡುಗಿ ಓಡುವುದೂ ರನ್, ನದಿ ಹರಿಯುವುದೂ ರನ್, ಮೂಗು ಸೋರುವುದೂ ರನ್, ಒಗೆದ ಬಟ್ಟೆ ಬಣ್ಣ ಬಿಡುವುದೂ ರನ್. ಬೆಟ್ಟದ ಮಗ್ಗುಲಲ್ಲಿ ರಸ್ತೆ ಸಾಗುವುದೂ ರನ್ನೇ, ರಸ್ತೆ ಇದ್ದಲ್ಲೇ ಇದ್ದರೂ. ಅಲ್ಲಿ ಚಲಿಸುವುದು ನೋಡುವವರ ಕಣ್ಣು, ಕನ್ನಡದ ‘ಸಾಗುವುದು’ ಕೂಡ ಅದೇ ಆಟವನ್ನು ಆಡುತ್ತದೆ. ಗಿರಣಿಗಳೂ ಎಂಜಿನ್‌ಗಳೂ ಬಂದ ಮೇಲೆ ಈ ಪದಕ್ಕೆ ದೊಡ್ಡ ಹೊಲವೇ ಸಿಕ್ಕಿತು. ನಿಂತಲ್ಲೇ ನಿಂತ ಯಂತ್ರವೂ ‘ರನ್’ ಆಗತೊಡಗಿತು, ಅದನ್ನು ನಡೆಸುವವನು ಅದನ್ನು ‘ರನ್’ ಮಾಡಿದ, ಯಂತ್ರವನ್ನು ನಡೆಸಿದಂತೆಯೇ ಅಂಗಡಿಯನ್ನು, ಕಂಪನಿಯನ್ನು, ಕೊನೆಗೆ ದೇಶವನ್ನೂ ನಡೆಸಬಹುದಾಯಿತು, ಕಂಪ್ಯೂಟರಿನ ಪ್ರೋಗ್ರಾಂ ಆ ಸಾಲಿಗೆ ಸಹಜವಾಗಿಯೇ ಸೇರಿಕೊಂಡಿತು. ಚುನಾವಣೆಯಲ್ಲಿ ಮಾತ್ರ ಇಂಗ್ಲಿಷರಲ್ಲೇ ಒಮ್ಮತವಿಲ್ಲ: ಅಮೆರಿಕದ ಅಭ್ಯರ್ಥಿ ಓಡುತ್ತಾನೆ, ಬ್ರಿಟನ್ನಿನ ಅಭ್ಯರ್ಥಿ ನಿಲ್ಲುತ್ತಾನೆ. ಕನ್ನಡದವರಾದ ನಾವೂ ನಿಲ್ಲುವ ಪಕ್ಷದವರೇ.

ಇವನ್ನೆಲ್ಲ ಬಿಡಿಬಿಡಿ ಅರ್ಥಗಳೆಂದು ಬಾಯಿಪಾಠ ಮಾಡಿಸುವ ಪಠ್ಯಪುಸ್ತಕಗಳ ಮೇಲೆ ನನಗೆ ಸಿಟ್ಟಿದೆ. ತಡೆಯಿಲ್ಲದೆ ಮುಂದುವರಿಯುವಿಕೆ ಎಂಬ ಒಂದೇ ಎಳೆಯನ್ನು ಹಿಡಿದುಕೊಂಡರೆ ಈ ಬಳಕೆಗಳಲ್ಲಿ ಹೆಚ್ಚಿನವು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ನಮ್ಮ ‘ಹಿಡಿ’ಯನ್ನೇ ತೆಗೆದುಕೊಳ್ಳಿ. ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಮನುಷ್ಯನಿಗೆ ಹುಚ್ಚು ಹಿಡಿಯುತ್ತದೆ, ಕೆಲಸಕ್ಕೆ ಹೊತ್ತು ಹಿಡಿಯುತ್ತದೆ, ಕೊಡ ಹತ್ತು ಲೀಟರು ಹಿಡಿಯುತ್ತದೆ, ಪೊಲೀಸರು ಕಳ್ಳನನ್ನು ಹಿಡಿಯುತ್ತಾರೆ. ಕನ್ನಡದ ಯಾವ ಮಗುವೂ ಇವನ್ನು ಪಟ್ಟಿ ಮಾಡಿಕೊಂಡು ಕಲಿತದ್ದಿಲ್ಲ. ಹೆಚ್ಚು ಬಳಕೆಯಾಗುವ ಪದಕ್ಕೆ ಹೆಚ್ಚು ಅರ್ಥಗಳು ಕೂಡುತ್ತವೆ ಎಂದು ಭಾಷಾವಿಜ್ಞಾನಿ ಜಾರ್ಜ್ ಜಿಪ್ಫ್ 1945ರಲ್ಲೇ ತೋರಿಸಿದ್ದರು. ಇದು ಇಂಗ್ಲಿಷಿನ ವಿಚಿತ್ರವೂ ಅಲ್ಲ, ಅವ್ಯವಸ್ಥೆಯೂ ಅಲ್ಲ.

ಹಾಗೆಂದು ಒಂದೇ ಎಳೆಯಿಂದ ಎಲ್ಲವನ್ನೂ ನೇಯಲಾಗದು ಎಂಬುದನ್ನೂ ಒಪ್ಪಬೇಕು. ಕೋಳಿಗಳನ್ನು ಬಿಡುವ ಬೇಲಿಯೊಳಗಿನ ಜಾಗಕ್ಕೆ ‘ರನ್’ ಎನ್ನುತ್ತಾರೆಂದು ಯಾವ ಸೂತ್ರವೂ ಮುಂಚಿತವಾಗಿ ಹೇಳಲಾರದು. ಕೇಳಿದ ಮೇಲೆ, ಕೋಳಿಗಳು ಓಡಾಡುವ ಜಾಗವಲ್ಲವೆ ಎಂದು ಹೊಂದಿಸಿಕೊಳ್ಳಬಹುದು, ಅಷ್ಟೆ. ಠೇವಣಿದಾರರು ಹೆದರಿ ಒಮ್ಮೆಲೇ ಹಣ ವಾಪಸು ಪಡೆಯಲು ಮುಗಿಬೀಳುವುದನ್ನು ಬ್ಯಾಂಕಿನ ಮೇಲಿನ ‘ರನ್’ ಎನ್ನುವುದೂ ಇದೇ ಜಾತಿಯದು. ‘ಓವರ್’, ‘ಔಟ್’, ‘ಇನ್‌ಟು’ ಮುಂತಾದ ಬಾಲಗಳು ಅಂಟಿಕೊಂಡಾಗಲಂತೂ ಕಲಿಯುವವರಿಗೆ ವಾಕ್ಯವೊಂದೇ ಗತಿ. ‘ರನ್ ಓವರ್’ ಎಂಬುದರ ಜೊತೆಗೆ ನಾಯಿ ಬಂದರೆ ವಾಹನ ಅದರ ಮೇಲೆ ಹರಿದಿದೆ, ಟಿಪ್ಪಣಿ ಬಂದರೆ ಯಾರೋ ಅದರ ಮೇಲೆ ಕಣ್ಣಾಡಿಸಿದ್ದಾರೆ, ಸಭೆ ಬಂದರೆ ಅದು ಹೊತ್ತು ಮೀರಿ ನಡೆದಿದೆ.